ಮುದುವೊಳಲಿನ ಮಠ ಇದ್ದ ಜಾಗ

ಶಕವರ್ಷ ೨೩೯೧, ಮೂರನೆಯ ಜ್ಯೇಷ್ಠ, ಬಹುಳ ಸಪ್ತಮಿ
ಮುದುವೊಳಲು

ಹಿರಿಯರೇ,

ಜ್ಯೇಷ್ಠ ಮೂರು ಹೇಗಾದವು ಎಂದು ನೀವು ಬೆರಳು ಮಡಚುತ್ತಿರಬಹುದು. ನಾನೂರು ವರ್ಷದ ಹಿಂದೆ ನಿಮಗೆ ಒಂದು ಸಾಕಾಗುತ್ತಿತ್ತು. ನಮ್ಮ ಬಿಸಿಲು ಒಂದು ತಿಂಗಳಿಗೆ ಮುಗಿಯುವುದಿಲ್ಲವಾದ್ದರಿಂದ ಪಂಚಾಂಗದವರು ಇನ್ನೆರಡು ಸೇರಿಸಿದರು. ನನ್ನ ಮಾತು ಒರಟಾಗಿಯೋ ವಿಚಿತ್ರವಾಗಿಯೋ ಕೇಳಿಸಿದರೆ ಮನ್ನಿಸಿ. ನಿಮ್ಮ ಕನ್ನಡವನ್ನು ನಾನು ಕಲ್ಲುಗಳಿಂದ, ಬೋರ್ಡುಗಳಿಂದ ಕಲಿತವಳು. ಮೇಲಾಗಿ ಎಳೆಗೂಸಿನ ತಾಯಿ. ನಿದ್ದೆಗೆಟ್ಟವರ ವಾಕ್ಯ ಅಲ್ಲಲ್ಲಿ ತೂಕಡಿಸುತ್ತದೆ.

ನನ್ನ ಹೆಸರು ದೇಮವ್ವ. ನಡೆಗಾಲೇಜಿನಲ್ಲಿ ಓದಿದವಳು. ನಡೆಗಾಲೇಜು ಎಂದರೆ ಗುಳೆ ಹೋಗುವ ಜನರ ಜೊತೆಗೇ ನಡೆಯುವ ಕಾಲೇಜು: ಮೇಷ್ಟರು ಮುಂದೆ, ಪುಸ್ತಕ ಹೊತ್ತ ಕತ್ತೆಗಳು ಹಿಂದೆ. ಅಲ್ಲಿ ನನ್ನ ವಿಷಯ ಶಾಸನ. ನೀವು ಅದನ್ನು ಇತಿಹಾಸ ಎನ್ನುತ್ತಿದ್ದಿರಂತೆ. ನಮಗೆ ಅದು ನೀರು ಹುಡುಕುವ ವಿದ್ಯೆ. ಹಳೆಯ ಅರಸರು ಕಟ್ಟಿಸಿದ ಕೊಳ, ಬಾವಿಗಳ ಗುರುತು ಕಲ್ಲಿನಲ್ಲಿದೆ, ಮತ್ತು ಅವರು ಒರತೆ ಕಾಣದೆ ಕೊಳ ಕಟ್ಟುತ್ತಿರಲಿಲ್ಲ.

ಮುದುವೊಳಲಿನ ಶಾಸನವನ್ನು ಪುಸ್ತಕದ ಪ್ರತಿಯಲ್ಲಿ ಓದಿದಾಗ ನಾನು ಬಸುರಿ. ಇಲ್ಲಿ ಕಾಳಾಮುಖರೆಂಬ ಶೈವ ಸನ್ಯಾಸಿಗಳ ಮಠವಿತ್ತು. ನಿರ್ವಾಣರಾಶಿ ಪಂಡಿತರ ಕಾಲು ತೊಳೆದು ಅರಸಿಯೊಬ್ಬಳು ಭೂಮಿ ಬಿಟ್ಟಳು: ಓದುವವರ ಊಟಕ್ಕೆ, ರೋಗಿಗಳ ಮದ್ದಿಗೆ, ದಿಕ್ಕಿಲ್ಲದವರ ಅನ್ನಕ್ಕೆ. ಮಠದ ಬಡಗಣ ಬಾಗಿಲೆದುರು ಬರದಲ್ಲೂ ಬತ್ತದ ಕೊಳವಿತ್ತು; ಬಾಣಂತಿಯರು ಮೊದಲು ಕೊಡ ತುಂಬಿಕೊಂಡ ಮೇಲೆಯೇ ಉಳಿದವರು ಇಳಿಯಬೇಕೆಂಬ ಕಟ್ಟಳೆಯಿತ್ತು. ಆ ಸಾಲು ಓದಿ ಅತ್ತುಬಿಟ್ಟೆ. ನಮ್ಮ ಮಂದಿಯನ್ನೆಲ್ಲ ಹಟ ಹಿಡಿದು ಇಲ್ಲಿಗೆ ಕರೆತಂದವಳು ನಾನೇ.

ನಾವು ನೆಲಮನೆಗಳಲ್ಲಿರುತ್ತೇವೆ, ಅರ್ಧ ಮಣ್ಣೊಳಗೆ, ಮೇಲೆ ಜೋಳದ ದಂಟಿನ ಹೊದಿಕೆ. ಹಗಲೆಲ್ಲ ಮಲಗಿ ಸಂಜೆಗೆ ಏಳುತ್ತೇವೆ. ನೀರು ಸಿಗುವುದು ಹನಿಸರದಿಯಲ್ಲಿ, ಅಂದರೆ ಪಾಳಿಯಂತೆ ಬಟ್ಟಲಲ್ಲಿ ಅಳೆದು. ಮೊಲೆಯೂಡಿಸುವವಳಿಗೆ ಒಂದು ಬಟ್ಟಲು ಹೆಚ್ಚು. ಪಾತ್ರೆಗೆ ಬೂದಿ, ಬಟ್ಟೆಗೆ ಬಿಸಿಲು. ಕೂಸಿಗೆ ಎರೆಯುವುದೆಂದರೆ ಏನೆಂದು ನನಗೆ ಗೊತ್ತಿರುವುದು ಜೋಗುಳದಿಂದ ಮಾತ್ರ. ನನ್ನ ಪದುಮಿಯ ಮೈ ಇನ್ನೂ ನೀರು ಕಂಡಿಲ್ಲ. ಎಣ್ಣೆಯ ಅರಿವೆಯಲ್ಲಿ ಒರೆಸುತ್ತೇನೆ.

ಬಂದಾಗ ನಿಮ್ಮ ಫಲಕ ಇತ್ತು. ಕಪ್ಪು ಗ್ರಾನೈಟು, ಒಂದಕ್ಷರವೂ ಮಾಸಿಲ್ಲ. ‘ಹನ್ನೆರಡನೆಯ ಶತಮಾನದ ಮಠವು ಇದೇ ಸ್ಥಳದಲ್ಲಿತ್ತು. ಉತ್ಖನನದಲ್ಲಿ ದೊರೆತ ತಳಪಾಯವನ್ನು ಸಂರಕ್ಷಿಸಲಾಗಿದೆ.’ ಕೆಳಗೆ ಅನಾವರಣ ಮಾಡಿದವರ, ಅಧ್ಯಕ್ಷತೆ ವಹಿಸಿದವರ, ಉಪಸ್ಥಿತರಿದ್ದವರ ಹೆಸರುಗಳು. ಪಕ್ಕದಲ್ಲಿ ತಳಪಾಯ, ಮೆಟ್ಟಿಲು, ಸೂರ್ಯ ಚಂದ್ರ ಆಕಳು ಕರು ಕೆತ್ತಿದ ಶಾಸನದ ಕಲ್ಲು. ನಾನು ಆ ಕಲ್ಲಿಗೆ ಕೈಮುಗಿದು, ಬಡಗಣಕ್ಕೆ ಗೆರೆ ಎಳೆದು, ಅಗೆಯಿರಿ ಎಂದೆ.

ವೈಶಾಖದಿಂದ ಅಗೆದರು. ಒಣ ಗರಸು ಬಿಟ್ಟರೆ ಏನೂ ಬರಲಿಲ್ಲ. ಮೊನ್ನೆ ನನ್ನ ಗಂಡ ಬಾಳಪ್ಪ, ಒರತೆ ತಳಪಾಯದ ಕೆಳಗೇ ಸರಿದಿರಬಹುದೆಂದು ಒಂದು ಕಲ್ಲು ಮಗುಚಿದ. ಹೊಟ್ಟೆಯ ಕಡೆ ಹಳದಿ ಬಣ್ಣದಲ್ಲಿ ಒಂದು ಅಂಕಿ. ಪಕ್ಕದ ಕಲ್ಲಿನಲ್ಲಿ ಅದರ ಮುಂದಿನದು. ಅದರ ಅಡಿಯಲ್ಲಿ ಸಿಮೆಂಟಿನ ಪ್ಲಾಸ್ಟಿಕ್ ಚೀಲ. ಕಟ್ಟಡ ಬಿಚ್ಚಿ ಬೇರೆ ಕಡೆ ಒಯ್ದು ಜೋಡಿಸುವಾಗ ಕಲ್ಲಿಗೆ ಹೀಗೆ ಅಂಕಿ ಬರೆಯುತ್ತಾರೆಂದು ನಾನೇ ಪಾಠ ಒಪ್ಪಿಸಿದ್ದೆ. ಇಲ್ಲಿ ಮಠ ಇರಲೇ ಇಲ್ಲ. ಎಲ್ಲಿಂದಲೋ ಹೊತ್ತು ತಂದು ಇಟ್ಟಿದ್ದೀರಿ.

ನಮ್ಮತ್ತೆ ನೀಲಗಂಗವ್ವ ನಕ್ಕಳು. “ನಿನ್ನ ಕಲ್ಲು ನೀರ ಕೊಡ್ತೈತಿ ಅಂದಿದ್ಯಲ್ಲ ತಂಗಿ, ಲೆಕ್ಕಾ ಕಲಿಸಾಕತ್ತೈತಿ ನೋಡು!” ನಮ್ಮ ಗುಂಪಿನ ಹಿರಿಯ ಗದಿಗೆಪ್ಪಜ್ಜ ನಗಲಿಲ್ಲ.

“ಕಲ್ಲು ಸುಳ್ಳ ಹೇಳೂದಿಲ್ಲ ಅಂದಿದ್ದಿ, ಯವ್ವಾ.”

“ಕಲ್ಲ ಹೇಳಿಲ್ಲಜ್ಜಾ. ಬೋರ್ಡ್ ಹೇಳೇತಿ.”

“ಬೋರ್ಡ್ ಬರದಾವ್ರು ಯಾರು?”

“ಓದಿದವ್ರು.”

“ಹಂಗಾರ ನಿಮ್ಮ ಮಂದೀನ.” ಪದುಮಿಯ ಕಡೆ ನೋಡಿ ಹೇಳಿದ: “ಅಮಾಸಿ ಆಗೂತ್ಲೆ ಹೊಳೀ ಕಡೆ ನಡಿಯೂನು. ಕೂಸಿನ್ನ ಗಟ್ಟಿ ಕಟಗೋ.”

ಹೊಳೆಯ ದಾರಿಯಲ್ಲಿ ನೆರಳಿಲ್ಲ. ಹೋದ ಗುಳೆಯಲ್ಲಿ ಎಳೆಗೂಸು ಇದ್ದವರು ಯಾರೂ ಕೂಸಿನೊಂದಿಗೆ ಅಲ್ಲಿಗೆ ತಲುಪಲಿಲ್ಲ. ಈಗಲೇ ನನ್ನ ಹಾಲು ಇಳಿಯುತ್ತಿದೆ. ಪದುಮಿ ಚೀಪಿ ಚೀಪಿ ಸಿಟ್ಟಾಗಿ ನನ್ನ ಮುಖ ನೋಡುತ್ತಾಳೆ, ನಾನೇ ಬಚ್ಚಿಟ್ಟುಕೊಂಡಿದ್ದೇನೆ ಎನ್ನುವ ಹಾಗೆ.

ಹಿರಿಯರೇ, ತಂದದ್ದಕ್ಕೆ ನಾನು ಬೈಯುತ್ತಿಲ್ಲ. ಅಲ್ಲಿ ನಿಮಗೆ ರಸ್ತೆ ಬೇಕಾಗಿರಬಹುದು, ಕ್ವಾರಿ ಬೇಕಾಗಿರಬಹುದು; ಇಲ್ಲಿಟ್ಟರೆ ನಾಲ್ಕು ಜನ ನೋಡುತ್ತಾರೆ ಎಂದುಕೊಂಡಿರಬಹುದು. ಆದರೆ ‘ಇಂಥ ಕಡೆಯಿಂದ ತಂದದ್ದು’ ಎಂದು ಒಂದು ಸಾಲು? ಫಲಕದಲ್ಲಿ ಜಾಗವಿರಲಿಲ್ಲವೇ? ಉಪಸ್ಥಿತರಿದ್ದವರಿಗೆಲ್ಲ ಜಾಗವಿತ್ತಲ್ಲ! ನಿಮ್ಮನ್ನು ನಂಬಿ ಬಸುರಿ ಹೊಟ್ಟೆ ಹೊತ್ತು ನಡೆದು ಬಂದೆ. ಅರಿಯದವರು ತಪ್ಪು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನೀವು ಅಂಕಿ ಬರೆದವರು, ನಿಮಗೆ ಗೊತ್ತಿತ್ತು. ದಾನದ ಭೂಮಿ ಕದ್ದವನು ಕವಿಲೆ ಆಕಳನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಶಾಸನದ ಕೊನೆಯಲ್ಲಿ ಶಾಪವಿದೆ. ಮಠ ಇದ್ದ ಜಾಗವನ್ನೇ ಕದಿಯಬಹುದೆಂದು ಆ ಪಂಡಿತರಿಗೂ ಹೊಳೆದಿರಲಿಲ್ಲ.

ಶಾಪ ಹಾಕಲು ನಾನು ಬರೆಯುತ್ತಿಲ್ಲ. ಒಂದು ಕೆಲಸ ಮಾಡಿಕೊಡಿ. ಎಲ್ಲಿಂದ ತಂದಿರೆಂದು ನಿಮಗೆ ನೆನಪಿದೆ. ಈಗಲೇ, ನಿಮ್ಮ ಕಾಲದಲ್ಲಿಯೇ, ಅಲ್ಲಿಗೆ ಹೋಗಿ ಒಂದು ಬಂಡೆಯ ಮೇಲೆ ‘ಮಠ ಇದ್ದದ್ದು ಇಲ್ಲಿ’ ಎಂದು ಕೊರೆಸಿ. ಕಾಗದದಲ್ಲಿ ಬೇಡ, ನಿಮ್ಮ ಫೋನುಗಳಲ್ಲಿ ಬೇಡ. ನಕಲು ಮಾಡಿಕೊಂಡ ನಾಲ್ಕು ಪುಸ್ತಕ ಬಿಟ್ಟರೆ ಅವು ಯಾವುವೂ ನಮ್ಮವರೆಗೆ ಬಂದಿಲ್ಲ. ಅಕ್ಷರ ಸೊಟ್ಟಗಿದ್ದರೂ ಓದಿಕೊಳ್ಳುತ್ತೇನೆ. ನೀವು ಕೊರೆಸಿದ ಗಳಿಗೆಯಿಂದ ಅದು ಇಷ್ಟು ನೂರಾರು ವರ್ಷವೂ ಅಲ್ಲೇ ಇದ್ದಂತಾಗುತ್ತದೆ, ಅಲ್ಲವೇ? ಇಷ್ಟು ಭಾರದ ಕಲ್ಲನ್ನು ಬಹಳ ದೂರದಿಂದ ತಂದಿರಲಾರಿರಿ, ಊರ ಪಕ್ಕದ ಗುಡ್ಡದಿಂದಲೇ ಇರಬೇಕು. ಅದಕ್ಕಾಗಿ ಅಮಾವಾಸ್ಯೆಯವರೆಗೆ ಸಂಜೆ ಸಂಜೆಗೂ ಪದುಮಿಯನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡದ ಒಂದೊಂದು ಮಗ್ಗುಲು ಹತ್ತಿ, ಕಂಡ ಬಂಡೆಯನ್ನೆಲ್ಲ ಕೈಯಿಂದ ಸವರಿ ನೋಡುತ್ತಿರುತ್ತೇನೆ.

ಇವತ್ತು ಮೂಡಣ ಮಗ್ಗುಲು ನೋಡಿ ಬಂದೆ. ನೀವು ಇನ್ನೂ ಬರೆದಿಲ್ಲ.

ದೇಮವ್ವ, ಪದುಮಿಯ ತಾಯಿ