ಸತ್ತವಳಿಗೆ ಹುಚ್ಚಿಯ ಪಟ್ಟ ಕಟ್ಟಿದವರಿಗೆ

ನಮ್ಮ ಕೌಂಟಿಯ ಉಯಿಲುಗಳನ್ನೆಲ್ಲ ಕೈಯಲ್ಲಿ ಹಿಡಿದು ಕೂತಿರುವ ಮಾನ್ಯ ನ್ಯಾಯಾಧೀಶರೇ,

ಕಳೆದ ಮಾರ್ಚಿನಲ್ಲಿ ತಾವು ಡಾರ್ಕಸ್ ಹ್ಯಾಂಬ್ರಿಕ್ ಎಂಬ ವಿಧವೆಯನ್ನು, ಆಕೆ ಮಣ್ಣಾದ ಮೇಲೆ, ಹುಚ್ಚಿ ಎಂದು ಸಾರಿದಿರಿ. ಆಕೆ ಬದುಕಿದ್ದಾಗ ಹಾಗೆನ್ನುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಇರಲಿಲ್ಲ. ಆಕೆಯ ಉಯಿಲಿಗೆ ಸಾಕ್ಷಿ ಸಹಿ ಹಾಕಿದವಳು ನಾನು. ತಾವು ಮರೆತಿರಬಹುದು, ನಾನು ಮರೆತಿಲ್ಲ.

ಡಾರ್ಕಸ್‌ಗೆ ಮಕ್ಕಳಿರಲಿಲ್ಲ. ಕಾಲು ಬಾತು ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿದವಳು, ಮೈ ತೊಳೆದವಳು, ಬಾಯಿಗೆ ಗಂಜಿ ಹಾಕಿದವಳು ಮನೆಗೆಲಸದ ಲವೀನಾ. ಗಂಡನ ಸೋದರಳಿಯ ಓರಿನ್ ಕೂಗಳತೆಯಲ್ಲೇ ಇದ್ದ; ಒಂದು ದಿನವೂ ಹೊಸ್ತಿಲು ತುಳಿಯಲಿಲ್ಲ. ಹೀಗಾಗಿ ಆಕೆ ತನ್ನ ಹೊಲ, ಮನೆ ಎರಡನ್ನೂ ಲವೀನಾಳಿಗೆ ಬರೆಸಿದಳು. "ಓರಿನ್‌ಗೆ ಏನೂ ಬೇಡ್ವಾ?" ಎಂದು ನಾನೇ ಕೇಳಿದ್ದೆ.

"ಬೇಕು," ಎಂದಳು. "ಅವನಿಗೆ ನನ್ನ ಆಶೀರ್ವಾದ ಅಂತ ಬರೀರಿ. ಅದನ್ನ ಮಾರೋಕಾಗಲ್ಲ ಅಂತ ಗೊತ್ತಾದ್ರೆ ಹೊಟ್ಟೆ ಉರ್ಕೊಂಡು ಸಾಯ್ತಾನೆ."

ಇದು ಬುದ್ಧಿ ಕೆಟ್ಟವಳ ಮಾತೇ, ಸ್ವಾಮಿ?

ತಮ್ಮ ಕೋರ್ಟಿನಲ್ಲಿ ಓರಿನ್‌ನ ವಕೀಲ ನನ್ನನ್ನು ನಿಲ್ಲಿಸಿ ಕೇಳಿದ: "ಏನಮ್ಮಾ, ಆಕೆ ತನ್ನ ಎತ್ತಿಗೆ ಸತ್ತ ಗಂಡನ ಹೆಸರಿಟ್ಟಿದ್ದು ನಿಜವಾ?"

"ನಿಜ. ಎಜ್ರಾ ಅಂತ."

"ಅದರ ಹತ್ರ ಮಾತಾಡ್ತಿದ್ಲಾ?"

"ಬೈತಿದ್ಲು. ಗಂಡನ್ನೂ ಬೈತಿದ್ಲು. ಎತ್ತಾದ್ರೆ ಹೇಳಿದ ಮಾತು ಕೇಳುತ್ತೆ ಅಂತಿದ್ಲು."

ಕೋರ್ಟು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ತಾವು. "ಸಾಕು, ಕೆಳಗಿಳಿಯಮ್ಮ" ಎಂದಿರಿ. ಆಮೇಲೆ ಅದೇ ನಗೆಯನ್ನು ಕಾನೂನಿನ ಭಾಷೆಗಿಳಿಸಿ, "ಸ್ವಸ್ಥಚಿತ್ತಳಲ್ಲ" ಎಂದು ಬರೆದು ಉಯಿಲನ್ನು ತಳ್ಳಿಹಾಕಿದಿರಿ. ತಮ್ಮ ಬೇಟೆನಾಯಿಯ ಹೆಸರು ಸೀಸರ್. ಅದರೊಡನೆ ತಾವು ರಾಜಕೀಯ ಚರ್ಚಿಸುವುದನ್ನು ಊರೇ ಕೇಳಿದೆ. ತಮ್ಮ ಚಿತ್ತವನ್ನು ಯಾವ ಕೋರ್ಟಿನಲ್ಲಿ ಪರೀಕ್ಷಿಸೋಣ? ವಿಚಾರಣೆಯ ಹಿಂದಿನ ಭಾನುವಾರ ಓರಿನ್‌ನ ಮನೆಯಲ್ಲಿ ಹಂದಿಮಾಂಸದ ಊಟ ಹೊಡೆದದ್ದೂ ಸ್ವಸ್ಥಚಿತ್ತದಿಂದಲೇ ತಾನೆ?

ತೀರ್ಪಿನ ಮರುದಿನವೇ ಓರಿನ್ ಲವೀನಾಳ ಹಾಸಿಗೆಯನ್ನು ಅಂಗಳದ ಕೆಸರಿಗೆ ಎಸೆದ. ಎತ್ತನ್ನು ಕಸಾಯಿಯವನಿಗೆ ಕೊಟ್ಟ. ಅವಳು ಹಗ್ಗ ಹಿಡಿದು ಗೋಗರೆದಳು: "ಇದನ್ನೊಂದಾದ್ರೂ ಬಿಡಿ ಅಣ್ಣಾ. ಮುದಿಯಾಗಿದೆ, ನನ್ನ ಕೈಯಿಂದ ಬಿಟ್ರೆ ತಿನ್ನಲ್ಲ."

"ನಿನ್ನನ್ನೂ ಜೊತೆಗೆ ಕಳಿಸ್ಲಾ?" ಎಂದ ಅವನು.

ಬೇಲಿಯಾಚೆ ನಿಂತು ನಾನಿದನ್ನು ಕೇಳಿಸಿಕೊಂಡೆ. ಇವನಿಗೆ ಈ ನಾಲಿಗೆ ಕೊಟ್ಟವರು ತಾವೇ ಎಂದು ಆಗ ನನಗೆ ಹೊಳೆಯಿತು. ತಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಮೇಲ್ಮನವಿಗೆ ಆಸ್ತಿವಂತರೊಬ್ಬರ ಜಾಮೀನು ಬೇಕಿತ್ತು. ನಮ್ಮ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಬಿತ್ತನೆಯ ಕೆಲಸ ಹೆಚ್ಚಾಯಿತು. ಕೊನೆಗೆ ಸಹಿ ಹಾಕಿದವರು ಯಾರೆಂದು ತಮಗೆ ಗೊತ್ತು, ಊರಿಗೂ ಗೊತ್ತಾಗಲಿ. ತಮ್ಮ ಅತ್ತೆಯವರು!

"ಅಳಿಯ ಅಂತ ಇಷ್ಟು ವರ್ಷ ಎಲ್ಲಾ ನುಂಗ್ಕೊಂಡೆ ಕಣೇ," ಎಂದರು. "ನಾಳೆ ನಾನು ಸತ್ರೆ ನನ್ನ ಉಯಿಲೂ ಇವನ ಮುಂದೇನೇ ಹೋಗ್ಬೇಕಲ್ಲ! ಎಲ್ಲಿ, ಕೊಡು ಲೇಖನಿ."

ಕಳೆದ ವಾರ ಮೇಲಿನ ಕೋರ್ಟಿನಲ್ಲಿ ಜ್ಯೂರಿಯ ರೈತರು ಉಯಿಲನ್ನು ಎತ್ತಿಹಿಡಿದರು. ಲವೀನಾ ಮನೆಗೆ ಮರಳಿದ್ದಾಳೆ. ಕೊಟ್ಟಿಗೆಯ ಕಡೆ ಮಾತ್ರ ಇನ್ನೂ ಹೋಗಿಲ್ಲ. ಗೆದ್ದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲವೇಕೆ ಎಂದು ಪಾದ್ರಿಗಳು ಕೇಳಿದರು. ಕ್ಷಮಿಸುವುದು ಅವರ ಕಸುಬು, ನನ್ನದಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಕ್ಟೋಬರಿನ ಚುನಾವಣೆಗೆ ತಾವು ನಿಲ್ಲಕೂಡದು. ನಿಂತರೆ, ತಮ್ಮ ಪ್ರತಿ ಸಭೆಗೂ ಬಂದು, ತಾವು ಬಾಯಿ ತೆರೆಯುವ ಮುಂಚೆಯೇ ಈ ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ. ಮುಂದಿನ ಬೆಂಚಿನಲ್ಲಿ ತನಗೂ ಒಂದು ಜಾಗ ಹಿಡಿದಿಡು ಎಂದು ತಮ್ಮ ಅತ್ತೆಯವರು ಹೇಳಿದ್ದಾರೆ.

ಇಂತಿ,
ಹೆಣ್ಣಾದ್ದರಿಂದ ಮತದ ಹಕ್ಕಿಲ್ಲದ, ಮರೆವೂ ಇಲ್ಲದ
ಕೆಟೂರಾ ಮೇಬಿ, ಹೊಲಿಗೆಯವಳು
ಇಂಡಿಯಾನಾ, 1874