ಜರಡಿಯಲ್ಲಿ ಉಳಿದ ಮರಳು

ಬೈರಿದೇವರಕೊಪ್ಪ, ಹುಬ್ಬಳ್ಳಿ
12 ಸೆಪ್ಟೆಂಬರ್ 2024, ಗುರುವಾರ

ಸೊಸೆ ಋತುಜಾಳಿಗೆ ನಿನ್ನ ಅತ್ತೆ ಹನುಮವ್ವ ಹರಸಿ ಬರೆಯುವುದು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನೀನು ಆರಾಮ ಇಲ್ಲವೆಂದು ಮಗ ಶಶಿಕಾಂತ ಹೇಳಿದ್ದಾನೆ. ಆದ್ದರಿಂದ ಕ್ಷೇಮ ಕೇಳುವ ಶಾಸ್ತ್ರ ಮಾಡುವುದಿಲ್ಲ. ನೀನು ಗದುಗಿಗೆ ತವರಿಗೆ ಹೋಗಿ ಮೂರು ತಿಂಗಳಾಯಿತು. ಜೂನಿನಲ್ಲೇ ಬರೆಯಬೇಕಾಗಿದ್ದ ಪತ್ರ ಇದು. ತಡವಾದದ್ದು ಕೆಲಸದಿಂದಲ್ಲ, ಚುರಮುರಿ ಭಟ್ಟಿಯ ಕೆಲಸ ವರ್ಷವಿಡೀ ಇರುವುದೇ. ತಡವಾದದ್ದು ನನ್ನಿಂದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನನ್ನ ದನಿ ಏರುತ್ತದೆ, ಆ ಕಡೆಯವರು ಬೈಸಿಕೊಂಡೆವು ಎಂದುಕೊಳ್ಳುತ್ತಾರೆ. ಅಲ್ಲದೆ ಫೋನಿನಲ್ಲಿ ಆಡಿದ ಮಾತನ್ನು ಯಾರಿಗೂ ತೋರಿಸಲು ಬರುವುದಿಲ್ಲ. ಈ ಪತ್ರವನ್ನು ನೀನು ನಾಲ್ಕು ಮಂದಿಗೆ ತೋರಿಸಬೇಕಾದೀತು.

ಪತ್ರದ ಜೊತೆ ಶಶಿಕಾಂತ ಎರಡು ಸ್ಟೀಲಿನ ಡಬ್ಬಿ ತರುತ್ತಾನೆ. ಈಗಲೇ ತೆರೆಯಬೇಡ. ಪೂರ್ತಿ ಓದಿ ಆಮೇಲೆ ತೆರೆ.

ಈ ಸಲದ ನಾಗರಪಂಚಮಿಗೆ ಜೋಳದ ಅಳ್ಳು ಚೆನ್ನಾಗಿ ಹೋಯಿತು. ಜೋಳ ಒಳ್ಳೆಯದಿತ್ತು, ಹೂವಿನ ಹಾಗೆ ಅರಳಿತು. ದುರ್ಗದಬೈಲಿನ ಅಂಗಡಿಯವರು ಎರಡು ಸಲ ಹೇಳಿ ಕಳಿಸಿದರು. ಚುರಮುರಿಯದು ಎಂದಿನಂತೆಯೇ. ಶಾಹೀನಳ ಮೊಣಕಾಲು ನೋವು ಹೆಚ್ಚಾಗಿದೆ. ಮೂವತ್ತು ವರ್ಷ ನಮ್ಮ ಭಟ್ಟಿಯ ಬೆಂಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತವಳು. ಈಗ ಅವಳಿಗೊಂದು ಎತ್ತರದ ಮಣೆ ಮಾಡಿಸಿದ್ದೇನೆ. ಅದರ ಮೇಲೆ ಕೂತು ರಾಣಿಯ ಹಾಗೆ ಎಲ್ಲರಿಗೂ ಹುಕುಂ ಮಾಡುತ್ತಾಳೆ, ನನಗೂ. ಹಿತ್ತಲ ಪಡಸಾಲೆಯಲ್ಲಿ ನಿನ್ನ ಕಬ್ಬಿಣದ ಕುಟ್ಟಣಿಗೆ ನೀನು ಇಟ್ಟಲ್ಲೇ ಇದೆ. ಯಾರಿಗೂ ಸರಿಸಲು ಬಿಟ್ಟಿಲ್ಲ.

ನೀನು ಮೊದಲ ಸಲ ಅಲ್ಲಿ ಕೂತು ಕಲ್ಲು ಕುಟ್ಟಿದ ದಿನ ನೆನಪಿದೆಯೇ? ಧಾರವಾಡದ ನಿಮ್ಮ ಭೂವಿಜ್ಞಾನ ವಿಭಾಗದಲ್ಲಿ ಯಂತ್ರ ಕೆಟ್ಟಿದೆ ಎಂದು ಬಾದಾಮಿ ಕಡೆಯ ಕೆಂಪು ಮರಳುಗಲ್ಲನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ತಂದಿದ್ದೆ. ಸೊಸೆ ಬಂದ ಮನೆಯಲ್ಲಿ ಖಾರ ಕುಟ್ಟುವ ಸದ್ದು ಬರಬೇಕು, ಇದೇನು ಕಲ್ಲು ಕುಟ್ಟುವ ಸದ್ದು ಎಂದು ನಾನು ಓಣಿಗೆಲ್ಲ ಕೇಳುವ ಹಾಗೆ ಅಂದೆ. ನೀನು ಸುಮ್ಮನೆ ಕುಟ್ಟಿದೆ, ಜರಡಿ ಹಿಡಿದೆ, ಪುಡಿಯನ್ನು ಪರಾತಕ್ಕೆ ಹಾಕಿ ನೀರು ಸುರಿದು ರಪರಪ ಆಡಿಸತೊಡಗಿದೆ. ಅರ್ಧ ಪುಡಿ ಮೋರಿಗೆ ಹೋಗುತ್ತಿತ್ತು. ನೋಡಲಾಗದೆ ನಾನೇ ಬಂದು ಪರಾತ ಕಸಿದುಕೊಂಡೆ.

“ಇಷ್ಟ ಓದೀದಿ, ಅಕ್ಕಿ ಗಾಳಸೂದು ಯಾರೂ ಕಲಿಸಿಲ್ಲೇನ್ ನಿನಗ?”

“ನಮ್ಮನ್ಯಾಗ ಹಂಗ ಕುಕ್ಕರಿಗೆ ಹಾಕತಿದ್ವಿರಿ ಅತ್ತೀ.”

“ಅದಕ್ಕ ನಿಮ್ಮ ಮನಿ ಮಂದೀ ಹಲ್ಲು ಹಂಗ ಅದಾವು.”

ನೀನು ನಕ್ಕು ನಕ್ಕು ನೆಲಕ್ಕೆ ಕೂತೆ. ನಾನು ನಗಲಿಲ್ಲ, ಆದರೆ ನನಗೂ ನಗು ಬಂದಿತ್ತು. ಪರಾತವನ್ನು ಓರೆ ಹಿಡಿದು, ನೀರನ್ನು ಮೆಲ್ಲಗೆ ಸುತ್ತಿಸಿ, ಹಗುರವಾದದ್ದನ್ನು ಅಂಚಿನಿಂದ ಬಿಟ್ಟು, ಭಾರದ್ದನ್ನು ತಳದಲ್ಲಿ ಉಳಿಸಿ ಕೊಟ್ಟೆ. ನಮಗೆ ಅನ್ನಕ್ಕೆ ಬೇಡವಾದ ತಳದ ಕಲ್ಲೇ ನಿನಗೆ ಬೇಕಾದದ್ದು. ಅದರಲ್ಲಿ ಜಿರ್ಕಾನ್ ಎಂಬ ಹರಳು ಇರುತ್ತದೆ ಎಂದು ನೀನು ಶಶಿಕಾಂತನಿಗೆ ಹೇಳುತ್ತಿದ್ದೆ. ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಆ ಹರಳಿನೊಳಗೆ ಹುಟ್ಟಿದಂದಿನಿಂದ ಯುರೇನಿಯಂ ಅಷ್ಟಷ್ಟೇ ಸೀಸವಾಗುತ್ತ ಬರುತ್ತದೆ. ಎರಡನ್ನೂ ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ವಯಸ್ಸು ತಿಳಿದರೆ, ಹೊಳೆ ಅದನ್ನು ಯಾವ ಬೆಟ್ಟದಿಂದ ಸವೆಸಿ ತಂದಿತು ಎಂದು ಹೇಳಬಹುದು. ಬೆಂಕಿಗೂ ಅದು ಲಗೂನ ಜಗ್ಗುವುದಿಲ್ಲ ಎಂದೂ ಅಂದಿದ್ದೆ. ಆ ಮಾತು ಈಗ ಬೇಕಾಗಿದೆ.

ನೀನು ಊರು ಬಿಟ್ಟದ್ದು ಯಾಕೆ ಎಂದು ಇಷ್ಟು ದಿನ ನಾನು ಯಾರನ್ನೂ ಕೇಳಿರಲಿಲ್ಲ. ಕೇಳದಿದ್ದರೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಹೇಳಬೇಕಾಗಿಲ್ಲ ಎಂದು ಕೂತಿದ್ದೆ. ಹೋದ ಭಾನುವಾರ ನಿನ್ನನ್ನು ನೋಡಿ ಬಂದ ಶಶಿಕಾಂತ ತಾಟಿನ ಮುಂದೆ ಕೂತು ಊಟ ಮಾಡಲಿಲ್ಲ. ಗದರಿಸಿ ಕೇಳಿದೆ.

“ಅವ್ವಾ, ಆಕಿ ಸಂಶೋಧನಾ ಬಿಡ್ತೇನಿ ಅನ್ನಾಕತ್ತಾಳ. ಮೂವತ್ತನೇ ತಾರೀಖು ಕಮಿಟಿ ಐತಿ. ಅದಕ್ಕೂ ಹೋಗಾಂಗಿಲ್ಲಂತ.”

“ಅಂಥಾದ್ದೇನಾತು?”

“ನೂರಾ ಹನ್ನೆರಡು ಕಣದಾಗ ನಾಕು ಕಣ ಬ್ಯಾರೆ ಬಂದಾವು. ಉಳದಾವು ಇನ್ನೂರೈವತ್ತು ಕೋಟಿ ವರ್ಷದ್ದು, ಇವು ನಾಕು ಬರೇ ಐವತ್ತು ಕೋಟಿ. ಹಂಗಿದ್ರ ಆ ಬಾದಾಮಿ ಕಲ್ಲಬಂಡಿ ಎಲ್ಲಾರೂ ತಿಳಕೊಂಡಿದ್ದಕ್ಕಿಂತ ಭಾಳ ಎಳೇದು ಅಂತಾತು. ಅದನ್ನ ಆಕಿ ದೊಡ್ಡ ಸಭಾದಾಗ ಓದಿ ಬಂದ್ಲು. ಆಮ್ಯಾಲೆ ಅದ ಬಂಡಿ ಇನ್ನೊಂದು ತುಕಡಿ ಬ್ಯಾರೆ ಕಡೆ ನೋಡಿಸಿದ್ರ ಒಂದೂ ಇಲ್ಲ. ಈಗ ಮಂದಿ, ಹೆಸರು ಮಾಡಾಕ ತಾನ ಹಾಕ್ಯಾಳ ಅಂತಾರ.”

“ಮತ್ತ ಆ ನಾಕು ಎಲ್ಲೀವು?”

“ಅಂಥಾವು ಕೇರಳದ ಕಡೆ ಭಾಳ ಸಿಗ್ತಾವಂತ. ಆಕಿ ಕೇರಳಕ್ಕ ಯಾವಾಗ ಹೋಗ್ಯಾಳವ್ವಾ?”

ನನ್ನ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಎದ್ದು ಭಟ್ಟಿಗೆ ಹೋದೆ.

ಭಟ್ಟಿಯಲ್ಲಿ ಅಳ್ಳು ಹುರಿಯುವುದು ಮರಳಿನಲ್ಲಿ ಎಂಬುದು ನಿನಗೆ ಗೊತ್ತು. ಆ ಮರಳು ಎಲ್ಲಿಯದು ಎಂದು ನೀನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಿನ್ನ ಮಾವನವರು ಇದ್ದಾಗಿನಿಂದ ನಮ್ಮ ಕಡೆಗೆ ಬರುವ ಲಾರಿ ಡ್ರೈವರ್ ಕಮರುದ್ದೀನ ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ದಕ್ಷಿಣಕ್ಕೆ ಹೋಗುತ್ತಾನೆ. ನಾಲ್ಕು ವರ್ಷದ ಹಿಂದೆ ಅವನು ಎರಡು ಚೀಲ ಮರಳು ತಂದು ಇಳಿಸಿದ್ದ. ಸಣ್ಣದು, ಕರಿ ಚುಕ್ಕೆಯದು, ಕೈಯಲ್ಲಿ ಹಿಡಿದರೆ ಭಾರ. ಕಾವು ಹಿಡಿದರೆ ಬಿಡುತ್ತಿರಲಿಲ್ಲ. ಸೋಮವಾರ ಅವನನ್ನು ಕರೆಸಿ ಕೇಳಿದೆ.

“ಕಮರುದ್ದೀನ, ಆ ಉಸುಕು ಎಲ್ಲೀದು? ಖರೇ ಹೇಳು.”

“ಕೇರಳದ್ದರೀ ಅವ್ವಾರ. ತಿರುವನಂತಪುರದ ಈಚೀಗೆ, ಸಮುದ್ರದ ದಂಡಿಗೆ ಒಬ್ಬ ಶೇಂಗಾ ಹುರಿಯಾಂವ ಅದಾನ, ಅವನ ಕೊಟ್ಟಿದ್ದ. ಯಾಕ್ರಿ, ಅಳ್ಳು ಅರಳವಲ್ವೇನ್ರಿ?”

ಅಳ್ಳು ಚೆನ್ನಾಗಿಯೇ ಅರಳುತ್ತವೆ ಎಂದೆ.

ಈಗ ಹೇಳಬೇಕಾದದ್ದು ಹೇಳುತ್ತೇನೆ. ಹೋದ ವರ್ಷ ಆಗಸ್ಟಿನಲ್ಲಿ, ಪಂಚಮಿಗೆ ನಾಲ್ಕು ದಿನ ಇರುವಾಗ, ಭಟ್ಟಿಯ ಸಣ್ಣ ಜರಡಿ ಹರಿಯಿತು. ಮರಳಿನಲ್ಲಿ ಬೂದಿ, ಕರಕು ತುಂಬಿತ್ತು. ಜರಡಿ ಹಿಡಿಯದೆ ಹುರಿದರೆ ಅಳ್ಳು ಕಪ್ಪಾಗುತ್ತವೆ. ಪಡಸಾಲೆಯಲ್ಲಿ ಬಟ್ಟೆಯ ಚೀಲದೊಳಗೆ ನಿನ್ನ ಉಕ್ಕಿನ ಜರಡಿ ಇತ್ತು. ಅವಸರದಲ್ಲಿ ತೆಗೆದುಕೊಂಡೆ. ಅದರಲ್ಲಿ ಮರಳು ಹಿಡಿದೆ. ಬೂದಿ ಕೆಳಗೆ ಹೋಯಿತು, ಮರಳು ಮೇಲೆ ಉಳಿಯಿತು. ಆಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಒಣಗಿಸಿ, ಇದ್ದ ಹಾಗೇ ಚೀಲದಲ್ಲಿಟ್ಟೆ. ನನ್ನ ಕೈಯಲ್ಲಿ ತೊಳೆದ ಪಾತ್ರೆಗೆ ಯಾರೂ ಕುಂದು ಹೇಳಲಾರರು ಎಂದು ನನಗೆ ಸೊಕ್ಕು. ಆದರೆ ಜರಡಿಯ ಕಣ್ಣಿಗೆ ಸರಿಯಾಗಿ ಸಿಕ್ಕಿಕೊಂಡ ಕಣ ತೊಳೆದರೆ ಹೋಗುವುದಿಲ್ಲ, ತಟ್ಟಿದರೆ ಬೀಳುತ್ತದೆ. ರವೆ ಹಿಡಿಯುವ ಹೆಂಗಸಿಗೆ ಇದು ಗೊತ್ತಿರಬೇಕಿತ್ತು. ಮರುದಿನ ನೀನು ಅದೇ ಜರಡಿಯನ್ನು ತಟ್ಟಿ ತಟ್ಟಿ ನಿನ್ನ ಬಂಡೆಯ ಪುಡಿ ಹಿಡಿದೆ. ನಾನು ಮುಟ್ಟುವ ಹಿಂದಿನ ದಿನವೇ ಅದನ್ನು ತೊಳೆದಿಟ್ಟಿದ್ದ ನಿನಗೆ ಅನುಮಾನ ಬರುವ ಕಾರಣವೇ ಇರಲಿಲ್ಲ.

ಅಳ್ಳಿನ ಉಂಡೆ ಕಟ್ಟುವಾಗ ಹೋದ ವರ್ಷದ ಜೋಳ, ಅದಕ್ಕೂ ಹಿಂದಿನ ವರ್ಷದ ಜೋಳ ಎಲ್ಲ ಸೇರಿರುತ್ತವೆ. ಉಂಡೆ ಯಾವಾಗಿನದು ಎಂದರೆ ಅದರೊಳಗಿನ ಹೊಸ ಕಾಳಿಗಿಂತ ಹಳೆಯದು ಅನ್ನಲು ಬರುವುದಿಲ್ಲ. ನಿನ್ನ ಬಂಡೆಗೂ ಇದೇ ಲೆಕ್ಕ ಎಂದು ನಾನು ತಿಳಿದುಕೊಂಡಿದ್ದೇನೆ. ನಾಲ್ಕು ಎಳೆಯ ಕಾಳು ನಾನು ಹಾಕಿದೆ, ಇಡೀ ಉಂಡೆಯ ವಯಸ್ಸು ತಪ್ಪಿತು.

ಜೂನಿನಲ್ಲಿ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ, “ಅತ್ತೀ, ನನ್ನ ಜರಡಿ ಯಾರರ ಮುಟ್ಟಿದ್ರೇನ್ರಿ?” ನಾನು, “ನಿನ್ನ ಕಲ್ಲಿನ ಸಾಮಾನ ಯಾರ್ ಮುಟ್ತಾರ? ನಮಗ ಬ್ಯಾರೆ ಕೆಲಸ ಇಲ್ಲೇನು?” ಎಂದೆ. ಶಾಹೀನ ಅಲ್ಲೇ ಇದ್ದಳು. ನೆಲ ನೋಡಿದಳು. ಅಂದಿನಿಂದ ಅವಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಸೋಮವಾರ ಕಮರುದ್ದೀನ ಹೋದ ಮೇಲೆ ಅಷ್ಟೇ ಅಂದಳು, “ಅಕ್ಕಾರ, ನೀವು ಹೇಳ್ತೀರೋ, ನಾ ಬಸ್ ಹತ್ತಿ ಗದಗಿಗೆ ಹೋಗ್ಲೋ? ಮೊಣಕಾಲ್ ಬ್ಯಾರೆ ನೋಯಿಸಾಕತ್ತೈತಿ, ನೀವ ಹೇಳಿದ್ರ ಛಲೋ.” ಮಣೆ ಮಾಡಿಸಿಕೊಟ್ಟ ನನಗೇ ಹೀಗನ್ನುತ್ತಾಳೆ. ಅಂದದ್ದು ಸರಿಯಾಗಿಯೇ ಇತ್ತು.

ಈಗ ಡಬ್ಬಿ ತೆರೆ. ಕೆಂಪು ದಾರ ಕಟ್ಟಿದ್ದರಲ್ಲಿ ಭಟ್ಟಿಯಲ್ಲಿ ಕಾದು ಕಾದು ಕಪ್ಪಾದ ಮರಳಿದೆ; ಹರಳು ಬೆಂಕಿಗೆ ಜಗ್ಗುವುದಿಲ್ಲವೆಂದು ನೀನೇ ಅಂದಿದ್ದೆಯಲ್ಲ. ಬಿಳಿ ದಾರದ್ದರಲ್ಲಿ, ಇನ್ನೂ ಬಾಯಿ ಬಿಚ್ಚದೆ ಇದ್ದ ಎರಡನೆಯ ಚೀಲದ ಮರಳು. ಡಬ್ಬಿಗಳು ಹೊಸವು, ಅಂಗಡಿಯಿಂದ ನೇರ ತರಿಸಿದ್ದು. ಚಮಚವೂ ಹೊಸದು. ಒಂದರ ಚಮಚ ಇನ್ನೊಂದಕ್ಕೆ ಹಾಕಿಲ್ಲ. ಇಷ್ಟಾದರೂ ಕಲಿತಿದ್ದೇನೆ. ಇವುಗಳ ಕಣದ ವಯಸ್ಸು ನೋಡಿಸು. ಐವತ್ತು ಕೋಟಿಯವು ಸಿಕ್ಕರೆ, ಆ ನಾಲ್ಕು ಯಾವ ಊರಿನವು, ಯಾರ ಕೈಯಿಂದ ಬಂದವು ಎಂದು ಅವೇ ಹೇಳುತ್ತವೆ. ಮಂದಿಯ ಬಾಯಿಗಿಂತ ನಿನಗೆ ಆ ಹರಳಿನ ಮೇಲೆ ನಂಬಿಕೆ ಹೆಚ್ಚು, ನನಗೂ ಈಗ ಹಾಗೆಯೇ ಆಗಿದೆ.

ಮೂವತ್ತನೇ ತಾರೀಖಿನೊಳಗೆ ಆಗದಿದ್ದರೆ ಅವರಿಂದ ಸಮಯ ಕೇಳು. ಕೊಡುವುದಿಲ್ಲ ಎಂದರೆ ನಾನೇ ಧಾರವಾಡಕ್ಕೆ ಬರುತ್ತೇನೆ. ನಿಮ್ಮ ಸರ್ ಎದುರಿಗೆ, ಕಮಿಟಿಯ ಎದುರಿಗೆ, ಈ ಪತ್ರದಲ್ಲಿ ಬರೆದದ್ದನ್ನೇ ಹೇಳುತ್ತೇನೆ. ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ. ತಪ್ಪು ಒಪ್ಪಿಕೊಳ್ಳಲು ಬಂದವಳು ನಿಂತೇ ಹೇಳುತ್ತೇನೆ, ಕುರ್ಚಿ ಬೇಡ. ಆದರೆ ನನ್ನ ಸೊಸೆ ಸುಳ್ಳುಗಾತಿ ಎಂದು ಯಾರಾದರೂ ನನ್ನ ಎದುರಿಗೆ ಅಂದರೆ ದನಿ ಏರುತ್ತದೆ, ಅದನ್ನು ಮೊದಲೇ ಅವರಿಗೆ ತಿಳಿಸಿರು.

ಓದು ಬಿಡಬೇಡ. ಇದು ಅಪ್ಪಣೆ ಅಲ್ಲ, ಕೇಳಿಕೊಳ್ಳುತ್ತಿದ್ದೇನೆ. ನಿನ್ನ ತಂದೆತಾಯಿಗೆ ನನ್ನ ಶರಣು ತಿಳಿಸು. ನಿನ್ನ ಹೆಸರು ಹೋದಲ್ಲಿಂದಲೇ ತಿರುಗಿ ಬರಲಿ, ನಿನ್ನ ಕೈ ಹಿಡಿದ ಕೆಲಸ ನಿನ್ನನ್ನು ಕೈಬಿಡದಿರಲಿ.

ನಿನ್ನ ಅತ್ತೆ
ಹನುಮವ್ವ ಗುರುಶಿದ್ದಪ್ಪ

ತಾ.ಕ.: ಮೇಲೆ ‘ಅವಸರದಲ್ಲಿ’ ಎಂದು ಬರೆದಿದ್ದೇನೆ. ಅದು ಖರೆಯಲ್ಲ. ಹೊಡೆದು ಹಾಕಲು ಹೋದೆ, ಮತ್ತೆ ಹಾಗೇ ಬಿಟ್ಟೆ, ನೀನು ನೋಡಲಿ ಎಂದು. ಜರಡಿಯ ಚೀಲದ ಮೇಲೆ ನೀನು ಚೀಟಿ ಹೊಲಿದಿದ್ದೆ, ‘ಬೇರೆ ಯಾವುದಕ್ಕೂ ಬಳಸಬಾರದು’ ಎಂದು. ಓದಿದೆ. ಎರಡು ಸಲ ಓದಿ, ಆಮೇಲೆ ತೆಗೆದುಕೊಂಡೆ. ದುರ್ಗದಬೈಲಿಗೆ ಹೇಳಿ ಕಳಿಸಿದ್ದರೆ ಒಂದು ತಾಸಿನಲ್ಲಿ ಹೊಸ ಜರಡಿ ಬರುತ್ತಿತ್ತು.

ಅದರ ಹಿಂದಿನ ದಿನ ನಿನ್ನ ಗೆಳತಿಯರು ಬಂದಿದ್ದರು. ನೀವು ಮಾತಾಡುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು, “ಕಣ ಅಷ್ಟು ಹಳೇವು ಅಂದ್ರ ಬಂಡಿನೂ ಅಷ್ಟ ಹಳೇದೇನು?” ಎಂದು ಕೇಳಿದೆ. ನೀನು ನಕ್ಕು, “ಅದು ನಿಮಗ ತಿಳಿಯೂದಿಲ್ಲ ಬಿಡ್ರಿ ಅತ್ತೀ, ಚಾ ಇಡ್ರಿ” ಎಂದೆ. ಅವರೂ ನಕ್ಕರು. ನಿನಗೆ ನೆನಪಿರಲಿಕ್ಕಿಲ್ಲ. ನೀನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಹತ್ತನೇ ಇಯತ್ತೆಯಲ್ಲಿ ವಿಜ್ಞಾನದಲ್ಲಿ ಸಾಲೆಗೇ ಮೊದಲು ಬಂದವಳು ನಾನು. ಫಲಿತಾಂಶ ಬಂದ ತಿಂಗಳಲ್ಲೇ ಈ ಭಟ್ಟಿಯ ಮನೆಗೆ ಕೊಟ್ಟರು. ಆಮೇಲೆ ನಲವತ್ತೇಳು ವರ್ಷ ಎಲ್ಲರೂ ನನ್ನನ್ನು ಕೇಳಿ ಕೆಲಸ ಮಾಡಿದರು. ತಿಳಿದುಕೊಳ್ಳಬೇಕೆಂದು ನಾನು ಒಬ್ಬರನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಆ ಪ್ರಶ್ನೆಗೆ ಉತ್ತರ ಉಂಡೆ ಕಟ್ಟುತ್ತ ನಾನೇ ಹುಡುಕಿಕೊಂಡೆ. ಈಗ ಇನ್ನೊಂದಿದೆ. ನಮ್ಮ ಭಟ್ಟಿಯ ಮರಳಿನಲ್ಲಿರುವ ಆ ಹರಳುಗಳು ಹುಟ್ಟಿದ ಬೆಟ್ಟ ಈಗಲೂ ನಿಂತಿದೆಯೋ, ಇಲ್ಲ ಪೂರ್ತಿ ಸವೆದು ಹೋಯಿತೋ? ಪತ್ರದಲ್ಲಿ ಬರೆಯಬೇಡ, ಮನೆಗೆ ಬಂದು ಹೇಳು. ಚಹಾ ಮೊದಲೇ ಮಾಡಿಟ್ಟು ಕೂತಿರುತ್ತೇನೆ.