ಕೆಳಮನೆಯ ರಂಜನಿಯ ಒಣ ಕಸ

ಮಂಡ್ಯ,
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ನಯನಳ ಅಪ್ಪನಿಗೆ,

ಕುಸುಮಳ ನಮಸ್ಕಾರ. ಮಂಡಿನೋವು ಹೇಗಿದೆ? ಪವರ್ ಹೌಸಿನ ಮೆಟ್ಟಿಲನ್ನು ದಿನಕ್ಕೆ ಎರಡೆರಡು ಸಲ ಹತ್ತಿ ಇಳಿಯಬೇಡಿ, ಟ್ರಾಲಿ ಬರುವತನಕ ಕಾಯಿರಿ. ದೀಪಾವಳಿಗೆ ಬಂದಾಗ ನಿಮ್ಮ ಕೆಮ್ಮು ಹಾಗೆಯೇ ಇತ್ತು. ಡ್ಯೂಟಿಯ ಹೊತ್ತಿನಲ್ಲಿ ಆ ಬ್ಲಫ್‌ನ ಹೊಳೆಗಾಳಿಗೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ಫೋನಿರುವಾಗ ಕಾಗದ ಯಾಕೆ ಬರೆದಳು ಅಂದುಕೊಳ್ಳುತ್ತೀರಿ. ಫೋನಿನಲ್ಲಿ ನೀವು ಹೂಂ, ಹೂಂ ಅನ್ನುತ್ತೀರಿ, ಅಷ್ಟರಲ್ಲಿ ಯಾರೋ ಕೂಗುತ್ತಾರೆ, ಇಟ್ಟುಬಿಡುತ್ತೀರಿ. ಇಲ್ಲಿ ಎರಡೇ ಕೋಣೆ, ನಯನಳ ಕಿವಿ ಸದಾ ತೆರೆದಿರುತ್ತದೆ. ಈ ಮಾತು ಅವಳ ಕಿವಿಗೆ ಬೀಳುವುದು ನನಗೆ ಬೇಡ.

ನಾವು ಕೊತ್ತತ್ತಿ ಬಿಟ್ಟು ಇಲ್ಲಿಗೆ ಬಂದ ಮೊದಲ ವಾರ ನಡೆದದ್ದನ್ನು ನಿಮಗೆ ಅರ್ಧ ಮಾತ್ರ ಹೇಳಿದ್ದೆ. ಕಸವನ್ನೆಲ್ಲ ಒಂದೇ ಕವರಿಗೆ ತುಂಬಿ ಗೇಟಿಗೆ ನೇತುಹಾಕಿದ್ದೆ. ಕಸದ ಆಟೋದಲ್ಲಿ ಬರುವ ಪಟ್ಟಲಮ್ಮ ಅದನ್ನು ಬಿಚ್ಚಿ ನೋಡಿ, ಬೀದಿಯವರೆಲ್ಲ ಕೇಳುವ ಹಾಗೆ ಕೂಗಿದಳು: "ಇದ ನಾನ್ ಈಸ್ಕಳಾಕಿಲ್ಲ ಕಣವ್ವ. ಅಸಿ ಕಸನೇ ಬ್ಯಾರೆ, ಒಣ ಕಸನೇ ಬ್ಯಾರೆ. ವಾಪಸ್ ತಕೊಂಡೋಗು." ನಾನು ಕವರು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಊರಿನಲ್ಲಿ ನಮಗೆ ಕಸ ಅಂತ ಒಂದು ಎಲ್ಲಿತ್ತು ಹೇಳಿ. ಸಿಪ್ಪೆ ಹಸುವಿಗೆ, ಬೂದಿ ಪಾತ್ರೆಗೆ, ತೆಂಗಿನ ಚಿಪ್ಪು ಒಲೆಗೆ, ಉಳಿದದ್ದು ತಿಪ್ಪೆಗೆ. ಇಲ್ಲಿ ಹಾಲಿನ ಕವರನ್ನು ತೊಳೆದು ಒಣಗಿಸಬೇಕು, ಮಾತ್ರೆ, ಬ್ಲೇಡು, ಗಾಯದ ಬಟ್ಟೆ ಬೇರೆ ಇಡಬೇಕು.

ಅದನ್ನೆಲ್ಲ ನನಗೆ ಹೇಳಿಕೊಟ್ಟವಳು ಕೆಳಮನೆಯ ರಂಜನಿಯೇ. ಇಲ್ಲವೆನ್ನುವುದಿಲ್ಲ. ಅವತ್ತು ಸಂಜೆಯೇ ಮೇಲೆ ಬಂದು, ತನ್ನ ಮನೆಯಿಂದ ಎರಡು ಡಬ್ಬ ತಂದುಕೊಟ್ಟು, "ಒಡೆದ ಗಾಜಿದ್ರೆ ಪೇಪರಲ್ಲಿ ಸುತ್ತಿ ಕೈಗೇ ಕೊಡಿ ಕುಸುಮಾ ಅವರೇ, ಡಬ್ಬಕ್ಕೆ ಹಾಕಬೇಡಿ" ಎಂದು ಮೆತ್ತಗೆ ಹೇಳಿ ಹೋದಳು. ಆ ಮೆತ್ತಗಿನ ಮಾತೇ ನನಗೆ ಹಿಡಿಸಲಿಲ್ಲ. ಬೈದಿದ್ದರೆ ನಾನೂ ಬೈದು ಮರೆಯಬಹುದಿತ್ತು. ಆಮೇಲೆ ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು ಇಟ್ಟು, ಗೊಬ್ಬರ ಹೇಗೆ ಮಾಡುವುದೆಂದು ನನ್ನನ್ನು ಕರೆದು ತೋರಿಸಿದಳು. ಗೊಬ್ಬರ! ಹತ್ತು ವರ್ಷದವಳಿದ್ದಾಗಿನಿಂದ ಸಗಣಿ ಬಾಚಿದ ನನಗೆ! ಅವಳ ಡ್ರಮ್ಮು ಸಗಣಿ ಹೊರುವ ಒಂದು ಮಂಕರಿಯಷ್ಟೂ ಇಲ್ಲ. ಆದರೂ ಬೀದಿಯ ಹೆಂಗಸರೆಲ್ಲ ಅದನ್ನು ನೋಡಲು ಬಂದರು.

ದೀಪಾವಳಿಗೆ ನೀವು ಬಂದಿರಿ. ಡ್ರಮ್ಮಿಗೆ ತೂತು ಕೊರೆದುಕೊಡಲು ಕೆಳಗೆ ಹೋದವರು ಒಂದು ಗಂಟೆ ಅಲ್ಲೇ ಇದ್ದಿರಿ. ಅವಳ ಮಾವ ಶ್ಯಾಮಣ್ಣನವರೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ನನಗೆ ಗೊತ್ತು. ಬೇರೆ ಅರ್ಥದಲ್ಲಿ ನಾನು ಹೇಳುತ್ತಿಲ್ಲ. ಮೇಲೆ ಬಂದು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ನೀವು ಅಂದಿರಿ: "ಏನ್ ಅಚ್ಚುಕಟ್ಟು ಕಣೆ ಆ ರಂಜನಮ್ಮ. ಒಂದೀಟು ನೋಡ್ಕಂಡ್ ಕಲ್ತ್ಕ." ನಿಮಗೆ ಅದು ಮರೆತೇ ಹೋಗಿರುತ್ತದೆ. ಆ ಒಬ್ಬಟ್ಟಿಗೆ ನಾನು ಬೆಳಿಗ್ಗೆ ಐದಕ್ಕೆ ಎದ್ದು ಬೇಳೆ ಬೇಯಿಸಿದ್ದೆ. ಹದಿನೆಂಟು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಅಂಥದೊಂದು ಮಾತು ನಿಮ್ಮ ಬಾಯಿಂದ ಬಂದಿಲ್ಲ. ಬಂದಿದ್ದರೆ ನನಗೆ ನೆನಪಿರುತ್ತಿತ್ತು.

ಅವತ್ತಿನಿಂದ ಅವಳು ಗೇಟಿನ ಹತ್ತಿರ ಡಬ್ಬ ಇಡುವ ಸದ್ದಾದರೂ ನಾನು ಕಿಟಕಿ ಮುಚ್ಚಿಬಿಡುತ್ತಿದ್ದೆ. ಹೋದ ಭಾನುವಾರ ನಿಮ್ಮಕ್ಕ ಕೊಟ್ಟ ನಿಂಬೆ ಉಪ್ಪಿನಕಾಯಿಯ ಬಾಟಲಿ ಕೈ ಜಾರಿ ಚೂರಾಯಿತು. ಅದನ್ನು ಗುಡಿಸುತ್ತಿರುವಾಗಲೇ ನಯನ ಕೆಳಗಿನಿಂದ ಬಂದು, "ಅಮ್ಮಾ, ರಂಜನಿ ಆಂಟಿ ಮನೆ ಥರ ನಮ್ಮನೇನೂ ಇಟ್ಕೊಳಕ್ಕಾಗಲ್ವಾ?" ಎಂದಳು. ನಾನು ಮಿಕ್ಕಿದ ಮುದ್ದೆ, ಬಸ್ಸಾರು, ಆ ಗಾಜು ಎಲ್ಲವನ್ನೂ ಒಂದೇ ಕವರಿಗೆ ತುಂಬಿಟ್ಟೆ.

ಸೋಮವಾರ ಬೆಳಿಗ್ಗೆ ರಂಜನಿ ಎಂದಿನಂತೆ ಗೇಟಿನ ಬಳಿ ಹಸಿ ಕಸದ ಡಬ್ಬ, ಒಣ ಕಸದ ಚೀಲ ಎರಡನ್ನೂ ಇಟ್ಟು ಸ್ನಾನಕ್ಕೆ ಹೋದಳು. ನಾನು ಇಳಿದು ಹೋಗಿ ನನ್ನ ಕವರನ್ನು ಅವಳ ಒಣ ಕಸದ ಚೀಲಕ್ಕೆ ಸುರಿದೆ. ಮೇಲೆ ಅವಳದೇ ರಟ್ಟು, ಪೇಪರು ಮುಚ್ಚಿದೆ. ಒಂದು ಸಲ, ಒಂದೇ ಒಂದು ಸಲ, ಅವಳೂ ಬೀದಿಯಲ್ಲಿ ಬೈಸಿಕೊಳ್ಳಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅದರಲ್ಲಿ ಗಾಜು ಇದ್ದದ್ದು ನೆನಪಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. ನೆನಪಿತ್ತು.

ನನ್ನ ಚೀಲವಾದರೆ ಪಟ್ಟಲಮ್ಮ ಕೋಲಿನಿಂದ ಕೆದಕಿ ನೋಡುತ್ತಾಳೆ. ರಂಜನಿಯದೆಂದು ನಂಬಿ ಸೀದಾ ಕೈ ಹಾಕಿದಳು. ಗಾಜು ಕೈಗವಸನ್ನು ಸೀಳಿಕೊಂಡು ಬಲ ಅಂಗೈಗೆ ಇಳಿಯಿತು. ಅವಳು ಕೂಗಿದ್ದು ನೋವಿಗಿಂತ ಹೆಚ್ಚಾಗಿ ಆಶ್ಚರ್ಯಕ್ಕೆ: "ಅಯ್ಯೋ ರಂಜನಮ್ಮಾ, ನೀನೂ ಇಂಗ್ ಮಾಡ್ಬುಟ್ಯಾ?" ರಂಜನಿ ಒದ್ದೆ ತಲೆಯಲ್ಲೇ ಓಡಿಬಂದಳು. ಚೀಲದೊಳಗೆ ನೋಡಿದಳು. ತಲೆಯೆತ್ತಿ, ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ, "ನಂದೇ ತಪ್ಪು ಪಟ್ಟಲಮ್ಮ, ಗಾಡಿ ಹತ್ತು" ಎಂದು ಟವೆಲಿನಿಂದ ಅವಳ ಕೈ ಕಟ್ಟಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಏಳು ಹೊಲಿಗೆ.

ನಿಮಗೆ ನಿಜ ಹೇಳುತ್ತೇನೆ, ಆಗಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಮಾಡದ ತಪ್ಪನ್ನು ಹೊರುವುದರಲ್ಲೂ ಅವಳೇ ಮುಂದಾದಳಲ್ಲ ಅಂತ. ನಾಚಿಕೆ ಆಮೇಲೆ ಬಂತು. ಎರಡು ದಿನ ಅನ್ನ ಸೇರಲಿಲ್ಲ. ನಿನ್ನೆ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಕಟ್ಟಿಕೊಂಡು ಪಟ್ಟಲಮ್ಮನ ಮನೆ ಹುಡುಕಿಕೊಂಡು ಹೋದೆ. ಅವಳೂ ನಮ್ಮ ಹಾಗೆ ಹೊರಗಿನಿಂದ ಬಂದವಳೇ, ಮಳವಳ್ಳಿ ಕಡೆಯ ಹಳ್ಳಿಯವಳು. ಎಡಗೈಯಲ್ಲಿ ಮುದ್ದೆ ಮುರಿಯಲು ಬಾರದೆ ಒದ್ದಾಡುತ್ತಿದ್ದಳು. ನಾನೇ ತುತ್ತು ಮಾಡಿಕೊಟ್ಟೆ, ಕೊಡುತ್ತಾ ಎಲ್ಲವನ್ನೂ ಹೇಳಿದೆ. ಅವಳು ಬಾಯಲ್ಲಿದ್ದ ತುತ್ತು ನುಂಗಿಕೊಂಡಳು. "ಗಂಡ ಅವುಳ್ನ ವಗುಳುದ್ನಂತೆ, ಇವ್ಳು ಅವುಳ್ ಚೀಲಕ್ ಗಾಜ್ ಸುರುದ್ಲಂತೆ. ನಡ್ವೆ ಕುಯ್ಸ್ಕಂಡುದ್ದು ನನ್ ಕೈ ಕಣವ್ವ" ಎಂದಳು. ನಾನು ಅತ್ತುಬಿಟ್ಟೆ. "ಅಳಬ್ಯಾಡ, ಸಾರು ಚೆಂದಾಗದೆ. ನನ್ ಮುಂದ್ ಅತ್ರೆ ಏನ್ ಬಂತು? ಮೊದ್ಲು ಓಗಿ ಅವಳ್ಗೆ ಯೋಳು."

ಸಂಜೆ ಕೆಳಗೆ ಹೋದೆ. ರಂಜನಿ ಹುರುಳಿಕಾಯಿ ಬಿಡಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಚೀಲದಲ್ಲಿ ಮುದ್ದೆ ಇತ್ತು. ನಮ್ಮನೇಲಿ ಮುದ್ದೆ ಮಾಡಲ್ಲ ಕುಸುಮಾ ಅವರೇ, ನನಗವತ್ತೇ ಗೊತ್ತಾಯ್ತು" ಎಂದಳು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದೆ. "ರಕ್ತ ಸುರೀತಿತ್ತು. ಯಾರ ಕಸ ಅಂತ ಪಂಚಾಯ್ತಿ ಮಾಡೋ ಹೊತ್ತಾ ಅದು?" ಎಂದಳು. ಕಾಯಿ ಬಿಡಿಸುತ್ತಲೇ ಇದ್ದಳು. "ನಿಮ್ಮ ಮೇಲೆ ನನಗೆ ಕೋಪ ಇದೆ. ಬೇಗ ಹೋಗಲ್ಲ ಅದು." ಅವಳ ದನಿ ಈ ಸಲ ಮೆತ್ತಗಿರಲಿಲ್ಲ. ಯಾಕೋ ಗೊತ್ತಿಲ್ಲ, ಆ ಗಡಸು ಮಾತು ಕೇಳಿದ ಮೇಲೆಯೇ ನನಗೆ ಅವಳ ಎದುರು ಕುಳಿತುಕೊಳ್ಳಲು ಆದದ್ದು. ಅರ್ಧ ಕಾಯಿ ನಾನೂ ಬಿಡಿಸಿಕೊಟ್ಟೆ.

ನಯನಳ ಪರೀಕ್ಷೆ ಚೆನ್ನಾಗಿ ಆಗಿದೆಯಂತೆ. ಊರಿನಲ್ಲಿ ಅತ್ತೆಯವರು ಆರೋಗ್ಯವಾಗಿದ್ದಾರೆ, ನಿಮ್ಮನ್ನು ಕೇಳಿದರು. ಕ್ಯಾಂಟೀನಿನ ಎಣ್ಣೆ ತಿಂಡಿ ಕಡಿಮೆ ಮಾಡಿ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಹೊತ್ತಿಗೆ ಸರಿಯಾಗಿ ಊಟ ಮಾತ್ರ ಬಿಡಬೇಡಿ.

ನಿಮ್ಮ,
ಕುಸುಮ

ವಿ.ಸೂ.: ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ತೆಗೆಯುವ ಹೊತ್ತಾಗಿದೆ. ಪಟ್ಟಲಮ್ಮ ಮೂರು ವಾರ ಕೈ ನೆನೆಸುವ ಹಾಗಿಲ್ಲವಂತೆ. ಅವಳ ಜಾಗಕ್ಕೆ ಯಾರೂ ನಿಲ್ಲದಿದ್ದರೆ ಬೇರೆಯವರನ್ನು ಹಾಕಿಬಿಡುತ್ತಾರೆ ಎಂದು ಆಟೋ ಓಡಿಸುವ ಚಲುವರಾಜು ಹೇಳಿದ. ನಾಳೆಯಿಂದ ಅವಳ ಕೈ ವಾಸಿಯಾಗುವತನಕ ಆ ಆಟೋದಲ್ಲಿ ನಾನು ಹೋಗುತ್ತೇನೆ, ಸಂಬಳ ಅವಳಿಗೇ. "ನಿಮ್ಮಂಥೋರು ಕಸ ಮುಟ್ಟೀರಾ ಅಕ್ಕ?" ಎಂದು ಅವನು ನಕ್ಕ. ನಗಲಿ. ಕೊತ್ತತ್ತಿಯವರು ಯಾರಾದರೂ ನೋಡುತ್ತಾರೆ, ನಿಮ್ಮ ಮನೆತನದ ಮಾತು ಎತ್ತುತ್ತಾರೆ, ನಿಮಗೂ ಫೋನು ಬರುತ್ತದೆ. ನೀವು ಬೇಡವೆನ್ನಬಹುದು, ಆದರೆ ಈ ಕಾಗದ ಕೈಗೆ ಬರುವಷ್ಟರಲ್ಲಿ ನಾನು ಮೂರು ನಾಲ್ಕು ದಿನ ಹೋಗಿಬಂದಿರುತ್ತೇನೆ. ವಿಷಯ ಕೇಳಿ ರಂಜನಿ, ತಾನೂ ಬರುತ್ತೇನೆ, ದಿನ ಬಿಟ್ಟು ದಿನ ಹೋಗೋಣ ಎಂದಳು. ಬೇಡ ಎಂದೆ. ಇದೊಂದು ನನ್ನದೇ ಇರಲಿ.